ಇಸ್ರೇಲಿನ ಎಡ ಮತದಾರರನ್ನು ಅವರದೇ ಪಕ್ಷಗಳ ಪ್ರಚಾರ ಸೋಲಿಸುತ್ತಿರುವುದು ಹೇಗೆ

2022ರ ನವೆಂಬರ್ 1ರಂದು ಇಸ್ರೇಲಿನಲ್ಲಿ ಚುನಾವಣೆ ನಡೆಯಿತು. ಮೆರೆಟ್ಜ್ ಅನ್ನುವ ಎಡಪಂಥೀಯ ಪಕ್ಷಕ್ಕೆ ಶೇ 3.16ರಷ್ಟು ಮತ ಬಂತು. ಸಂಸತ್ತಿನೊಳಗೆ ಕಾಲಿಡಲು ಬೇಕಿದ್ದದ್ದು ಶೇ 3.25. ಕೊರತೆ ಬಿದ್ದದ್ದು ಸುಮಾರು 4,000 ಮತ. ಅಷ್ಟಕ್ಕೇ ಆ ಪಕ್ಷಕ್ಕೆ ಮತ ಹಾಕಿದ ಒಂದೂವರೆ ಲಕ್ಷ ಜನರ ಮತ ಲೆಕ್ಕಕ್ಕೇ ಇಲ್ಲದಂತಾಯಿತು. ಅರಬ್ ಪಕ್ಷವಾದ ಬಾಲಾದ್‌ಗೆ ಬಂದದ್ದು ಶೇ 2.91. ಅದೂ ಹೊರಗುಳಿಯಿತು. ನೆತನ್ಯಾಹು ಕೂಟಕ್ಕೆ 120ರಲ್ಲಿ 64 ಸೀಟು ಸಿಕ್ಕಿತು. ಎರಡೂ ಕಡೆಯ ಒಟ್ಟು ಮತಗಳನ್ನು ಕೂಡಿಸಿ ನೋಡಿದರೆ ಅಂತರ ಬಹಳ ಸಣ್ಣದು, ಹೆಚ್ಚುಕಡಿಮೆ ಸಮಸಮ. ಆದರೆ ಸೀಟಿನಲ್ಲಿ 64ಕ್ಕೆ 56.

ಆ ಸರ್ಕಾರ ಮುಂದೆ ಏನೇನು ಮಾಡಿತು ಅನ್ನುವುದು ಗೊತ್ತೇ ಇದೆ. ಅಧಿಕಾರಕ್ಕೆ ಬಂದ ಒಂದು ವಾರದೊಳಗೆ ನ್ಯಾಯಾಂಗದ ಅಧಿಕಾರ ಮೊಟಕುಗೊಳಿಸುವ ಯೋಜನೆ ಮುಂದಿಟ್ಟಿತು. ತೀವ್ರ ಬಲಪಂಥದ ಬೆನ್‌ಗ್ವಿರ್ ಕೈಗೆ ಪೊಲೀಸ್ ಖಾತೆ ಹೋಯಿತು. ಅದೇ ಪಂಥದ ಸ್ಮೋಟ್ರಿಚ್ ಹಣಕಾಸು ಸಚಿವರಾದರು, ಜೊತೆಗೆ ಪಶ್ಚಿಮ ದಂಡೆಯ ವಸಾಹತುಗಳ ಮೇಲಿನ ಅಧಿಕಾರವೂ ಅವರಿಗೆ ಸಿಕ್ಕಿತು. 2023ರ ಅಕ್ಟೋಬರ್ 7ರ ಹಮಾಸ್ ದಾಳಿ, ಆಮೇಲೆ ಗಾಜಾದಲ್ಲಿ ನಡೆದ ಭಯಾನಕ ಯುದ್ಧ, ಎಲ್ಲವೂ ಇದೇ ಸರ್ಕಾರದ ಕಾಲದಲ್ಲಿ. ಹಾಗಾಗಿ ಈ 4,000 ಮತದ ಕಥೆಯನ್ನು ನಾನು ಸಣ್ಣ ವಿಷಯ ಅಂತ ಬಿಡುವುದಿಲ್ಲ.

ನಾನೂ ಎಡಕ್ಕೆ ವಾಲಿದ ಮತದಾರನೇ, ಇಲ್ಲಿ ಭಾರತದಲ್ಲಿ. ಇಸ್ರೇಲಿನ ರಾಜಕೀಯವನ್ನು ಅಲ್ಲಿನ ಎಡ ಮತದಾರನ ಕಣ್ಣಿನಿಂದ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಆ ಮತದಾರನಿಗೆ ಪ್ರತಿ ಚುನಾವಣೆಯಲ್ಲೂ ಯಾರನ್ನು ಸೋಲಿಸಬೇಕು ಅಂತ ಹೇಳುತ್ತಾರೆ. ಯಾವುದಕ್ಕಾಗಿ ಮತ ಹಾಕಬೇಕು ಅಂತ ಹೇಳುವವರು ಕಡಿಮೆ. ಇಪ್ಪತ್ತು ವರ್ಷ ಹೀಗೇ ನಡೆದು, ಕೊನೆಗೆ ನೆತನ್ಯಾಹು ಸೋಲಲೂ ಇಲ್ಲ, ಎಡ ಉಳಿಯಲೂ ಇಲ್ಲ.

ಮೊದಲು ಅಲ್ಲಿನ ಪದ್ಧತಿ ಹೇಗೆ ಅಂತ ನೋಡಬೇಕು, ಇಲ್ಲದಿದ್ದರೆ ಈ ಲೆಕ್ಕಾಚಾರ ಅರ್ಥವಾಗುವುದಿಲ್ಲ. ನಮ್ಮಲ್ಲಿ ಕ್ಷೇತ್ರ ಇದೆ, ಅಭ್ಯರ್ಥಿ ಇದ್ದಾನೆ, ಜಾಸ್ತಿ ಮತ ಬಂದವನು ಗೆಲ್ಲುತ್ತಾನೆ. ಅಲ್ಲಿ ಕ್ಷೇತ್ರವೇ ಇಲ್ಲ. ಇಡೀ ದೇಶ ಒಂದೇ ಕ್ಷೇತ್ರ. ಮತದಾರ ಗುರುತಿನ ಚೀಟಿ ತೋರಿಸಿ ಒಂದು ಲಕೋಟೆ ಪಡೆಯುತ್ತಾನೆ, ರಟ್ಟಿನ ಮರೆಯ ಹಿಂದೆ ಹೋಗುತ್ತಾನೆ. ಅಲ್ಲೊಂದು ತಟ್ಟೆಯಲ್ಲಿ ಸಾಲುಸಾಲಾಗಿ ಸಣ್ಣ ಚೀಟಿಗಳು, ಪ್ರತಿಯೊಂದರ ಮೇಲೆ ಒಂದು ಪಕ್ಷದ ಅಕ್ಷರ ದೊಡ್ಡದಾಗಿ ಅಚ್ಚಾಗಿರುತ್ತದೆ. ಬೇಕಾದ ಚೀಟಿ ಲಕೋಟೆಗೆ ಹಾಕಿ, ಹೊರಗೆ ಬಂದು ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಯಂತ್ರ ಇಲ್ಲ, ಅಭ್ಯರ್ಥಿಯ ಫೋಟೋ ಇಲ್ಲ. ದೇಶದಾದ್ಯಂತ ಒಂದು ಪಕ್ಷಕ್ಕೆ ಎಷ್ಟು ಪಾಲು ಮತ ಬಂತೋ ಕ್ನೆಸೆಟ್ಟಿನ, ಅಂದರೆ ಸಂಸತ್ತಿನ, 120 ಸೀಟುಗಳಲ್ಲಿ ಹತ್ತಿರಹತ್ತಿರ ಅಷ್ಟು ಪಾಲು ಸಿಗುತ್ತದೆ.

ಆದರೆ ಒಂದು ಹೊಸ್ತಿಲು ಇದೆ. 1992ಕ್ಕೆ ಮೊದಲು ಅದು ಶೇ 1 ಇತ್ತು, ಆಮೇಲೆ 1.5, ಆಮೇಲೆ 2. 2014ರಲ್ಲಿ 3.25ಕ್ಕೆ ಏರಿಸಿದರು. ಇದರ ಹಿಂದೆ ನಿಂತವರಲ್ಲಿ ಮುಖ್ಯರು ಬಲಪಂಥದ ನಾಯಕ ಅವಿಗ್ದೋರ್ ಲೀಬರ್ಮನ್. ಅರಬ್ ಪಕ್ಷಗಳು ಬೇರೆಬೇರೆಯಾಗಿ ನಿಂತರೆ ಹೊರಗೇ ಉಳಿಯಲಿ ಅನ್ನುವ ಉದ್ದೇಶ ಇದರ ಹಿಂದಿದೆ ಅಂತ ಆಗಲೇ ಟೀಕೆ ಬಂದಿತ್ತು. ಈಗ ಹೊಸ್ತಿಲು ದಾಟಿದರೆ ಒಮ್ಮೆಗೇ ನಾಲ್ಕು ಸೀಟಿನ ಆಸುಪಾಸು ಸಿಗುತ್ತದೆ. ದಾಟದಿದ್ದರೆ ಸೊನ್ನೆ. ನಡುವೆ ಏನೂ ಇಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಅತಿ ದೊಡ್ಡ ಪಕ್ಷದ ನಾಯಕನೇ ಪ್ರಧಾನಿ ಆಗಬೇಕು ಅನ್ನುವ ನಿಯಮ ಅಲ್ಲಿ ಇಲ್ಲ. ಯಾರಿಗೆ 61 ಸದಸ್ಯರನ್ನು ಸೇರಿಸುವ ಸಾಧ್ಯತೆ ಜಾಸ್ತಿಯೋ ಅವರನ್ನು ರಾಷ್ಟ್ರಪತಿ ಕರೆಯುತ್ತಾರೆ. 2021ರಲ್ಲಿ ಬಲಪಂಥದ ನಫ್ತಾಲಿ ಬೆನೆಟ್ ಪಕ್ಷಕ್ಕೆ ಇದ್ದದ್ದು ಏಳೇ ಸೀಟು. ಅವರೇ ಪ್ರಧಾನಿ ಆದರು. ಅಂದರೆ ಲೆಕ್ಕಕ್ಕೆ ಬರುವುದು ಕೂಟದ ಗಾತ್ರ, ಪಕ್ಷದ ಗಾತ್ರವಲ್ಲ. ಇಷ್ಟು ಸರಳವಾದ ವಿಷಯವನ್ನು ಎಡ ಮತ್ತು ಮಧ್ಯಮ ಪಂಥದ ಪ್ರಚಾರಗಳು ಮತ್ತೆಮತ್ತೆ ಮತದಾರರಿಂದ ಮರೆಮಾಡಿವೆ. ನನ್ನ ಮುಖ್ಯ ತಕರಾರು ಇದೇ.

2009ನ್ನೇ ನೋಡಿ. ಮಧ್ಯಮ ಪಂಥದ ಕದೀಮಾ ಪಕ್ಷದ ತ್ಸಿಪಿ ಲಿವ್ನಿ ಒಂದು ಕಡೆ, ಲಿಕುಡ್‌ನ ನೆತನ್ಯಾಹು ಅಲಿಯಾಸ್ ಬೀಬಿ ಇನ್ನೊಂದು ಕಡೆ. ಕೊನೆಯ ದಿನಗಳಲ್ಲಿ ಲಿವ್ನಿ ಪಾಳಯದ ಕೂಗು ಒಂದೇ: ತ್ಸಿಪಿ ಇಲ್ಲವೇ ಬೀಬಿ. ಎಡಪಕ್ಷಗಳಾದ ಲೇಬರ್‌ಗೆ, ಮೆರೆಟ್ಜ್‌ಗೆ ಹಾಕುವ ಮತ ವ್ಯರ್ಥ, ನೆತನ್ಯಾಹು ಬರಬಾರದು ಅಂತಿದ್ದರೆ ನಮಗೆ ಹಾಕಿ. ಎಡ ಮತದಾರರು ಹೆದರಿ ಹಾಗೇ ಮಾಡಿದರು. ಲೇಬರ್ 19ರಿಂದ 13ಕ್ಕೆ ಇಳಿಯಿತು, ಮೆರೆಟ್ಜ್ 5ರಿಂದ 3ಕ್ಕೆ. ಲಿವ್ನಿ 28 ಸೀಟು ಪಡೆದು ಅತಿ ದೊಡ್ಡ ಪಕ್ಷದ ನಾಯಕಿಯಾದರು. ಲಿಕುಡ್‌ಗೆ 27. ಆ ರಾತ್ರಿ ಲಿವ್ನಿ ಗೆದ್ದೆವು ಅಂದರು. ಆದರೆ ಬಲಪಂಥೀಯ ಮತ್ತು ಧಾರ್ಮಿಕ ಪಕ್ಷಗಳ ಕೂಟಕ್ಕೆ 65 ಇತ್ತು. ಪ್ರಧಾನಿಯಾದದ್ದು ನೆತನ್ಯಾಹು.

ಇಲ್ಲಿ ಏನಾಯಿತು? ಒಂದೇ ಮನೆಯಲ್ಲಿ ಈ ಕೊಡದ ನೀರನ್ನು ಆ ಕೊಡಕ್ಕೆ ಸುರಿದ ಹಾಗೆ ಆಯಿತು. ಮನೆಯಲ್ಲಿರುವ ನೀರು ಒಂದು ಹನಿಯೂ ಹೆಚ್ಚಲಿಲ್ಲ. ಎದುರು ಪಾಳಯದಿಂದ ಒಂದು ಮತವೂ ಈ ಕಡೆ ಬರಲಿಲ್ಲ. ಆದರೆ ಎಡಪಕ್ಷಗಳು ಸೊರಗಿದವು. ಸಂಸತ್ತಿನಲ್ಲಿ ವಸಾಹತುಗಳ ಬಗ್ಗೆ, ಪ್ಯಾಲೆಸ್ತೀನಿಯರ ಹಕ್ಕುಗಳ ಬಗ್ಗೆ ಮಾತಾಡುವ ಸದಸ್ಯರ ಸಂಖ್ಯೆ ಕಡಿಮೆಯಾಯಿತು. ಮತದಾರ ಜಾಣತನದಿಂದ ಮತ ಹಾಕಿದೆ ಅಂದುಕೊಂಡ. ಸಿಕ್ಕ ಫಲ ಇದು.

ಹದಿಮೂರು ವರ್ಷದ ನಂತರ 2022ರಲ್ಲಿ ಮತ್ತೆ ಅದೇ. ಆಗ ಯಾಯಿರ್ ಲಪಿಡ್ ಹಂಗಾಮಿ ಪ್ರಧಾನಿ. ಅವರ ಮಧ್ಯಮ ಪಂಥದ ಪಕ್ಷ ಯೇಶ್ ಅತೀದ್ 17ರಿಂದ 24ಕ್ಕೆ ಏರಿತು. ಲೇಬರ್ 7ರಿಂದ 4ಕ್ಕೆ, ಮೆರೆಟ್ಜ್ 6ರಿಂದ ಸೊನ್ನೆಗೆ. ಲಪಿಡ್‌ಗೆ ಏಳು ಜಾಸ್ತಿ, ಎಡಕ್ಕೆ ಒಂಬತ್ತು ಕಡಿಮೆ. ದೊಡ್ಡ ಪಕ್ಷವಾಗಬೇಕು ಅನ್ನುವ ಹಟದಲ್ಲಿ ಪಕ್ಕದ ಸಣ್ಣ ಪಕ್ಷ ಹೊಸ್ತಿಲ ಕೆಳಗೆ ಜಾರುತ್ತಿದೆಯಾ ಅಂತ ನೋಡುವುದು ಕೂಟದ ನಾಯಕನ ಕೆಲಸ. ಲಪಿಡ್ ಆ ಕೆಲಸವನ್ನು ಅರ್ಧಕ್ಕೇ ಬಿಟ್ಟರು ಅನ್ನುವುದು ನನ್ನ ಅಭಿಪ್ರಾಯ. ಲೇಬರ್ ಮತ್ತು ಮೆರೆಟ್ಜ್ ಒಂದಾಗಲಿ ಅಂತ ಅವರು ಒತ್ತಾಯ ಮಾಡಿದ್ದು ನಿಜ. ಆಗಲಿಲ್ಲ ಅಂದಮೇಲೆ ಪ್ರಚಾರದ ಧಾಟಿಯನ್ನಾದರೂ ಬದಲಿಸಬೇಕಿತ್ತು ಅಲ್ವಾ?

ಎದುರು ಪಾಳಯದಲ್ಲಿ ನೆತನ್ಯಾಹು ಏನು ಮಾಡಿದರು ನೋಡಿ. ಸ್ಮೋಟ್ರಿಚ್ ಮತ್ತು ಬೆನ್‌ಗ್ವಿರ್ ನಡುವೆ ಜಗಳ ಇತ್ತು, ಇಬ್ಬರೂ ಬೇರೆಬೇರೆ ನಿಲ್ಲುವ ಸೂಚನೆ ಇತ್ತು. ನೆತನ್ಯಾಹು ತಾವೇ ಮುಂದೆ ನಿಂತು ಇಬ್ಬರನ್ನೂ ಒಂದೇ ಪಟ್ಟಿಗೆ ತಂದರು. ಹರೇದಿ, ಅಂದರೆ ಕಟ್ಟಾ ಸಂಪ್ರದಾಯಸ್ಥ ಯಹೂದಿಗಳ ಪಕ್ಷ ಒಡೆಯುವ ಹಂತಕ್ಕೆ ಬಂದಾಗ ಅಲ್ಲೂ ರಾಜಿ ಮಾಡಿಸಿದರು. ಬೆನ್‌ಗ್ವಿರ್‌ನಂಥ ವ್ಯಕ್ತಿಗೆ ಹೀಗೆ ಮಣೆ ಹಾಕಿದ್ದು ಇಸ್ರೇಲಿಗೆ ಮಾಡಿದ ದೊಡ್ಡ ದ್ರೋಹ ಅಂತ ನಾನು ನಂಬುತ್ತೇನೆ. ಆದರೆ ತಂತ್ರವಾಗಿ ನೋಡಿದರೆ ಅದು ಕೂಟದ ಲೆಕ್ಕ ಬಲ್ಲವನ ಕೆಲಸ.

ನೆತನ್ಯಾಹು ಕೂಡ ತನ್ನ ಕೂಟದ ಸಣ್ಣ ಪಕ್ಷಗಳ ಮತ ಎಳೆದುಕೊಂಡದ್ದು ಉಂಟು. 2015ರ ಮಾರ್ಚ್ 17ರ ಕಥೆ ಅದು. ಇಸ್ರೇಲಿನಲ್ಲಿ ಮತದಾನಕ್ಕೆ ಮುಂಚಿನ ಕೆಲವು ದಿನ ಸಮೀಕ್ಷೆ ಪ್ರಕಟಿಸುವಂತಿಲ್ಲ. ಆ ಕತ್ತಲೆಯ ಅವಧಿಯಲ್ಲಿ ಪ್ರತಿ ಪಕ್ಷವೂ ಸೋಲುತ್ತಿದ್ದೇವೆ, ಓಡಿ ಬನ್ನಿ, ಕಾಪಾಡಿ ಅಂತ ಬಾಯಿ ಬಡಿದುಕೊಳ್ಳುವುದು ವಾಡಿಕೆ. ಇದಕ್ಕೆ ಅಲ್ಲಿ ಗೆವಾಲ್ಡ್ ಪ್ರಚಾರ ಅನ್ನುತ್ತಾರೆ. ಅಂದು ಮತದಾನ ನಡೆಯುತ್ತಿರುವಾಗಲೇ ನೆತನ್ಯಾಹು ಫೇಸ್‌ಬುಕ್‌ನಲ್ಲಿ ಒಂದು ಸಣ್ಣ ವಿಡಿಯೋ ಹಾಕಿದರು. ಅರಬ್ ಮತದಾರರು ಗುಂಪುಗುಂಪಾಗಿ ಮತಗಟ್ಟೆಗೆ ಬರುತ್ತಿದ್ದಾರೆ, ಎಡಪಂಥೀಯ ಸಂಘಟನೆಗಳು ಅವರನ್ನು ಬಸ್ಸಿನಲ್ಲಿ ಕರೆತರುತ್ತಿವೆ ಅಂತ. ತನ್ನದೇ ದೇಶದ ನಾಗರಿಕರು ಮತ ಹಾಕುವುದನ್ನು ಒಬ್ಬ ಪ್ರಧಾನಿ ಅಪಾಯ ಅಂತ ಸಾರಿದ ದಿನ ಅದು. ಕೊನೆಯ ಸಮೀಕ್ಷೆಗಳಲ್ಲಿ 20–22ರಲ್ಲಿದ್ದ ಲಿಕುಡ್ 30 ಸೀಟು ಗೆದ್ದಿತು. ಬೆನೆಟ್ ಅವರ ಜೂಯಿಶ್ ಹೋಮ್ 12ರಿಂದ 8ಕ್ಕೆ ಕುಸಿಯಿತು. ಆದರೆ ಎಂಟಕ್ಕೆ ಇಳಿದರೂ ಆ ಪಕ್ಷ ಹೊಸ್ತಿಲಿಗಿಂತ ಬಹಳ ಮೇಲೇ ಇತ್ತು, ಕೂಟಕ್ಕೆ ನಷ್ಟ ಆಗಲಿಲ್ಲ. 2022ರಲ್ಲಿ ಮೆರೆಟ್ಜ್ ಇದ್ದದ್ದು ಹೊಸ್ತಿಲ ಮೇಲೆ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ.

ಮೆರೆಟ್ಜ್ ಜೊತೆ ಸೇರಲು ಒಪ್ಪದ ಲೇಬರ್ ನಾಯಕಿ ಮೆರಾವ್ ಮೈಖೇಲಿ ಮೇಲೆ ಆಮೇಲೆ ಎಲ್ಲರೂ ಮುಗಿಬಿದ್ದರು. ಅವರ ವಾದವನ್ನೂ ಕೇಳಬೇಕು, ಯಾಕೆಂದರೆ ಅದರಲ್ಲಿ ಹುರುಳಿತ್ತು. 2020ರ ಮಾರ್ಚ್‌ನಲ್ಲಿ ಲೇಬರ್, ಗೆಶೆರ್, ಮೆರೆಟ್ಜ್ ಮೂರೂ ಒಂದಾಗಿ ನಿಂತು ಗಳಿಸಿದ್ದು 7 ಸೀಟು. ಒಂದೇ ವರ್ಷದ ನಂತರ ಲೇಬರ್ ಮತ್ತು ಮೆರೆಟ್ಜ್ ಬೇರೆಬೇರೆ ನಿಂತು 7 ಮತ್ತು 6, ಒಟ್ಟು 13 ಗೆದ್ದವು. ಒಂದಾದರೆ ಬಲ ಬರುತ್ತದೆ ಅನ್ನುವ ಗಾದೆಮಾತು ಇಲ್ಲಿ ತಾನಾಗಿ ಹೊಂದುವುದಿಲ್ಲ. ಲೇಬರ್‌ಗೆ ಹಾಕುವ ಕೆಲವರಿಗೆ ಮೆರೆಟ್ಜ್ ತೀರಾ ಎಡ, ಮೆರೆಟ್ಜ್‌ಗೆ ಹಾಕುವವರಿಗೆ ಲೇಬರ್ ಮೆತ್ತಗೆ. ಇಬ್ಬರೂ ಸೇರಿದರೆ ಎರಡೂ ಕಡೆಯಿಂದ ಸ್ವಲ್ಪ ಜನ ಜಾರಿಹೋಗುತ್ತಾರೆ.

ಇಷ್ಟಾದರೂ ಮೈಖೇಲಿ ಲೆಕ್ಕದಲ್ಲಿ ಒಂದು ದೊಡ್ಡ ಹುಳುಕಿತ್ತು. ಒಂದಾದರೆ ಒಂದೆರಡು ಸೀಟು ಕಡಿಮೆಯಾಗಬಹುದು, ಬೇರೆಯಾದರೆ ಒಂದು ಪಕ್ಷವೇ ಮಾಯವಾಗಬಹುದು. ಈ ಎರಡು ಅಪಾಯಗಳ ತೂಕ ಒಂದೇ ಅಲ್ಲ. ಬೆನೆಟ್ ಅವರ ನ್ಯೂ ರೈಟ್ ಪಕ್ಷ 2019ರ ಏಪ್ರಿಲ್‌ನಲ್ಲಿ ಶೇ 3.22 ಮತ ಪಡೆದು ಸುಮಾರು 1,400 ಮತಗಳಲ್ಲಿ ಹೊರಗುಳಿದಿತ್ತು. ಆ ಉದಾಹರಣೆ ಕಣ್ಣೆದುರಿಗೇ ಇತ್ತು. ಬಲಪಂಥ ಅದರಿಂದ ಪಾಠ ಕಲಿತಿತು, ಎಡ ಕಲಿಯಲಿಲ್ಲ.

ಈಗ ಲೆಕ್ಕದಿಂದ ಮಾತಿನ ಕಡೆಗೆ ಬರೋಣ. ಏನು ಹೇಳಿ ಮತ ಕೇಳಿದರು?

2015ರಲ್ಲಿ ಲೇಬರ್‌ನ ಇಸಾಕ್ ಹರ್ಜೋಗ್ ಮತ್ತು ಲಿವ್ನಿ ಸೇರಿ ಜಿಯೋನಿಸ್ಟ್ ಯೂನಿಯನ್ ಅಂತ ಮಾಡಿಕೊಂಡರು. ಅವರ ಘೋಷಣೆ: ನಾವು ಇಲ್ಲವೇ ಅವನು. ಪಕ್ಷದ ಹೊರಗೆ ವಿ15 ಅನ್ನುವ ಸಂಘಟನೆ ಮನೆಮನೆಗೆ ಹೋಗಿ ಪ್ರಚಾರ ಮಾಡಿತು, ಒಬಾಮಾ ಚುನಾವಣೆಯಲ್ಲಿ ಕೆಲಸ ಮಾಡಿದ ಅಮೆರಿಕನ್ ತಜ್ಞರ ಸಲಹೆಯೂ ಇತ್ತು. ಅವರ ಮಾತು: ಬೀಬಿ ಮಾತ್ರ ಬೇಡ. ಇದರಲ್ಲಿ ಆಕ್ರಮಿತ ಪ್ರದೇಶದ ಮಾತಿಲ್ಲ, ಗಾಜಾ ದಿಗ್ಬಂಧನದ ಮಾತಿಲ್ಲ. ಎಲ್ಲ ಸೇರಿ ಒಬ್ಬ ಮನುಷ್ಯನ ಬಗ್ಗೆ ಜನಾಭಿಪ್ರಾಯ ಕೇಳಿದ ಹಾಗಾಯಿತು. ಒಬ್ಬ ಮನುಷ್ಯನೇ ಪ್ರಶ್ನೆಯಾದರೆ ಆ ಮನುಷ್ಯನಿಗೆ ಅದಕ್ಕಿಂತ ಒಳ್ಳೆಯ ಪ್ರಚಾರ ಬೇರೆ ಬೇಕಾ? ಇಡೀ ಚುನಾವಣೆ ನೆತನ್ಯಾಹು ಸುತ್ತ ತಿರುಗಿತು, ಅವರು ಗೆದ್ದರು.

ಬೀಬಿ ಮಾತ್ರ ಬೇಡ ಅನ್ನುವುದೇ ಸಿದ್ಧಾಂತವಾದ ಮೇಲೆ ಎಡ ಮತದಾರ ಯಾಕೆ ಎಡಪಕ್ಷಕ್ಕೇ ಹಾಕಬೇಕು? ಬೀಬಿಯನ್ನು ಸೋಲಿಸಲು ಯಾರಿಗೆ ತಾಕತ್ತಿದೆಯೋ ಅವರಿಗೆ ಹಾಕುತ್ತಾನೆ. 2019ರಲ್ಲಿ ಆ ಜಾಗಕ್ಕೆ ಬೆನ್ನಿ ಗಾಂಟ್ಜ್ ಬಂದರು. ಅವರ ಬ್ಲೂ ಅಂಡ್ ವೈಟ್ ಪಕ್ಷದ ಮೇಲ್ಪಂಕ್ತಿಯಲ್ಲಿ ಮೂವರು ಮಾಜಿ ಸೇನಾ ಮುಖ್ಯಸ್ಥರು. ಗಾಂಟ್ಜ್ ತಮ್ಮ ಪ್ರಚಾರದ ಆರಂಭದಲ್ಲೇ ಗಾಜಾದ ಹಾಳುಬಿದ್ದ ಕಟ್ಟಡಗಳ ದೃಶ್ಯ ತೋರಿಸಿ ತಾವು ಎಷ್ಟು ಹೋರಾಟಗಾರರನ್ನು ಕೊಂದೆವು ಅಂತ ಹೇಳಿಕೊಂಡರು. ಯುದ್ಧ ಬೇಡ ಅನ್ನುವ ಮತದಾರರು ಲಕ್ಷಗಟ್ಟಲೆ ಹೋಗಿ ಆ ಪಕ್ಷಕ್ಕೆ ಮತ ಹಾಕಿದರು. ಲೇಬರ್ ಆರಕ್ಕೆ ಇಳಿಯಿತು. ಒಂದು ಕಾಲಕ್ಕೆ, 1948ರಿಂದ 1977ರವರೆಗೆ, ದೇಶವನ್ನು ಬಿಡುವಿಲ್ಲದೆ ಆಳಿದ ಪಕ್ಷ ಅದು.

ಅದೇ ವರ್ಷ ಆಗಸ್ಟ್‌ನಲ್ಲಿ ಲೇಬರ್ ನಾಯಕ ಆಮಿರ್ ಪೆರೆಟ್ಜ್ ಒಂದು ವಿಚಿತ್ರ ಕೆಲಸ ಮಾಡಿದರು. ದಶಕಗಳಿಂದ ಅವರ ಗುರುತೇ ಆಗಿದ್ದ ದಪ್ಪ ಮೀಸೆಯನ್ನು ಬೋಳಿಸಿಕೊಂಡರು. ನೆತನ್ಯಾಹು ಸರ್ಕಾರಕ್ಕೆ ಸೇರುವುದಿಲ್ಲ ಅಂತ ನಾನು ಹೇಳುವಾಗ ನನ್ನ ತುಟಿ ಜನಕ್ಕೆ ಸರಿಯಾಗಿ ಕಾಣಲಿ ಅಂತ. 2020ರಲ್ಲಿ ಗಾಂಟ್ಜ್ ಹೋಗಿ ನೆತನ್ಯಾಹು ಜೊತೆ ಸರ್ಕಾರ ಮಾಡಿದರು. ಪೆರೆಟ್ಜ್ ಅವರೂ ಹಿಂದೆಯೇ ಹೋಗಿ ಸಚಿವರಾದರು. ಬೀಬಿ ಮಾತ್ರ ಬೇಡ ಅಂತ ಮತ ಹಾಕಿದವರಿಗೆ ಸಿಕ್ಕಿದ್ದು ಬೀಬಿ. ಎಡಪಕ್ಷಗಳ ಮೇಲೆ ನಂಬಿಕೆ ಹೋದದ್ದಕ್ಕೆ ಸಿದ್ಧಾಂತದ ಕಾರಣಗಳನ್ನು ಹುಡುಕುವವರು ಈ ಒಂದು ಮೀಸೆಯ ಕಥೆಯನ್ನು ಮರೆಯಬಾರದು.

ಇನ್ನು ಕೆಲವು ಲೇಬರ್ ನಾಯಕರು ಎಡ ಅಂತ ಹೇಳಿಕೊಳ್ಳಲೇ ನಾಚಿಕೊಂಡರು. 2013ರಲ್ಲಿ ಶೆಲ್ಲಿ ಯಾಖಿಮೊವಿಚ್ ಬೆಲೆ, ಬಾಡಿಗೆ, ಕೂಲಿ ಅಂತ ಮಾತಾಡಿದರು, ಅದು ಸರಿ. ಆದರೆ ಪ್ಯಾಲೆಸ್ತೀನ್ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿಬಿಟ್ಟರು. 2017ರಲ್ಲಿ ಆವಿ ಗಬ್ಬಾಯ್, ಎಡದವರು ಯಹೂದಿಗಳಾಗಿರುವುದು ಅಂದರೇನು ಅನ್ನುವುದನ್ನೇ ಮರೆತಿದ್ದಾರೆ ಅಂತ ನೆತನ್ಯಾಹು ಹಿಂದೆ ಬೈದ ಮಾತನ್ನೇ ಪುನಃ ಹೇಳಿದರು. 2019ರ ಜನವರಿ 1ರಂದು ಪಕ್ಕದಲ್ಲೇ ಕೂತಿದ್ದ ಲಿವ್ನಿಯನ್ನು ಟಿವಿ ಕ್ಯಾಮೆರಾಗಳ ಎದುರೇ ಮೈತ್ರಿಯಿಂದ ಹೊರಹಾಕಿದರು. ಆಕೆಗೆ ಮೊದಲೇ ತಿಳಿಸಿರಲೂ ಇಲ್ಲ. ಬಲಪಂಥದ ಮತದಾರ ಇದನ್ನೆಲ್ಲ ನೋಡಿ ಈ ಕಡೆ ಬರಲಿಲ್ಲ. ಎಡದ ಮತದಾರ ಮಾತ್ರ ಹೊರಟುಹೋದ.

ಆದರೆ ಬರೀ ತಂತ್ರದ ತಪ್ಪುಗಳಿಂದ ಇಷ್ಟು ದೊಡ್ಡ ಕುಸಿತ ಆಗುವುದಿಲ್ಲ. ಅದರ ಬೇರು ಇನ್ನೂ ಹಿಂದೆ ಇದೆ.

ಇಸ್ರೇಲಿನಲ್ಲಿ ಎಡ ಅಂದರೆ ನಾವು ಅಂದುಕೊಳ್ಳುವ ಹಾಗೆ ಕೂಲಿಕಾರರ, ಬಡವರ ಪಕ್ಷ ಅಲ್ಲ. ಟೆಲ್ ಅವೀವ್‌ನ ಅನುಕೂಲಸ್ಥ ಬಡಾವಣೆಗಳು, ಅದರ ಪಕ್ಕದ ಗಿವತಾಯಿಮ್, ಕಿಬ್ಬುತ್ಸ್ ಅನ್ನುವ ಸಾಮೂಹಿಕ ಕೃಷಿಯ ಹಳ್ಳಿಗಳು ಎಡಕ್ಕೆ, ಮಧ್ಯಮ ಪಂಥಕ್ಕೆ ಹಾಕುತ್ತವೆ. ದಿಮೋನಾ, ಸ್ದೆರೋತ್, ಬೇತ್ ಶೆಆನ್‌ನಂಥ ಬಡ ಊರುಗಳು ಲಿಕುಡ್‌ಗೆ ಹಾಕುತ್ತವೆ. 1950ರ ದಶಕದಲ್ಲಿ ಮೊರಾಕ್ಕೊ, ಇರಾಕ್, ಯೆಮೆನ್ ಕಡೆಯಿಂದ ಬಂದ ಮಿಜ್ರಾಹಿ ಯಹೂದಿಗಳನ್ನು ಅಂದಿನ ಲೇಬರ್ ಸರ್ಕಾರ ಟೆಂಟು, ತಗಡಿನ ಶೆಡ್ಡುಗಳ ಶಿಬಿರಗಳಲ್ಲಿ ಇರಿಸಿತು, ಆಮೇಲೆ ಮರುಭೂಮಿಯ ಅಂಚಿನ ಊರುಗಳಿಗೆ ಕಳಿಸಿತು. ಒಳ್ಳೆಯ ಹುದ್ದೆ, ಒಳ್ಳೆಯ ಜಮೀನು ಯೂರೋಪಿನಿಂದ ಬಂದ ಅಶ್ಕೆನಾಜಿಗಳ ಪಾಲಾಯಿತು. ಆ ಗಾಯ ಮಾಯಲಿಲ್ಲ. 1977ರಲ್ಲಿ ಮೆನಾಚೆಮ್ ಬೆಗಿನ್ ಗೆದ್ದದ್ದು ಈ ಜನರ ಸಿಟ್ಟಿನಿಂದ. ಲೇಬರ್ ಕೂಟ 51ರಿಂದ 32ಕ್ಕೆ ಬಿದ್ದಿತು.

1981ರ ಚುನಾವಣೆಯ ಕೊನೆಯ ವಾರ. ಟೆಲ್ ಅವೀವ್‌ನ ದೊಡ್ಡ ಚೌಕದಲ್ಲಿ ಲೇಬರ್ ಕೂಟದ ಸಭೆ, ಜನಸಾಗರ. ದುದು ತೊಪಾಜ್ ಅನ್ನುವ ಹಾಸ್ಯಗಾರ ವೇದಿಕೆಗೆ ಬಂದು, ಲಿಕುಡ್ ಕಚೇರಿಯಲ್ಲಿ ಕೂತಿರುವವರು ಚಖ್‌ಚಖಿಮ್‌ಗಳು ಅಂದುಬಿಟ್ಟ. ಮಿಜ್ರಾಹಿಗಳನ್ನು ಕೀಳಾಗಿ ಕರೆಯುವ ಬೈಗುಳ ಅದು. ಸೇನೆಯ ನಿಜವಾದ ಯೋಧರು, ಕಮಾಂಡರುಗಳು ಇಲ್ಲಿ ನಮ್ಮ ಕಡೆ ಇದ್ದಾರೆ ಅನ್ನುವುದು ಅವನ ಮಾತಿನ ಧಾಟಿ. ಮರುದಿನ ರಾತ್ರಿ ಅದೇ ಚೌಕದಲ್ಲಿ ಬೆಗಿನ್ ಸಭೆ. ಆ ಪದವನ್ನು ನಾನು ಈವರೆಗೆ ಕೇಳಿಯೇ ಇರಲಿಲ್ಲ ಅಂತ ಬೆಗಿನ್ ಶುರುಮಾಡಿದರು. ಬ್ರಿಟಿಷರ ಜೈಲಿನಲ್ಲಿ ಗಲ್ಲಿಗೆ ಕಾಯುತ್ತ ಒಟ್ಟಿಗೆ ಪ್ರಾಣ ಬಿಟ್ಟ ಇಬ್ಬರು ಯುವಕರ ಹೆಸರು ಹೇಳಿದರು. ಒಬ್ಬ ಅಶ್ಕೆನಾಜಿ, ಒಬ್ಬ ಇರಾಕಿ ಮೂಲದವನು. ನಾವೆಲ್ಲ ಯಹೂದಿಗಳು, ಅಣ್ಣತಮ್ಮಂದಿರು ಅಂದರು. ಚುನಾವಣೆಯಲ್ಲಿ ಲಿಕುಡ್‌ಗೆ 48, ಲೇಬರ್ ಕೂಟಕ್ಕೆ 47.

ಇಷ್ಟು ದೊಡ್ಡ ಪಾಠ ಆದಮೇಲೂ 2015ರ ಮಾರ್ಚ್‌ನಲ್ಲಿ, ಅದೇ ಚೌಕದಲ್ಲಿ, ನೆತನ್ಯಾಹು ವಿರೋಧಿ ಸಭೆಯಲ್ಲಿ ಯಾಯಿರ್ ಗರ್ಬುಜ್ ಅನ್ನುವ ಕಲಾವಿದ ತಾಯಿತಕ್ಕೆ ಮುತ್ತಿಡುವವರು, ಗೋರಿಗಳ ಮುಂದೆ ಅಡ್ಡಬೀಳುವವರು ನಮ್ಮನ್ನು ಆಳುತ್ತಿದ್ದಾರೆ ಅನ್ನುವ ಅರ್ಥದಲ್ಲಿ ಭಾಷಣ ಮಾಡಿದರು. ಸಂತರ ಗೋರಿಗೆ ನಡೆದುಕೊಳ್ಳುವುದು, ತಾಯಿತ ಕಟ್ಟುವುದು ಮಿಜ್ರಾಹಿ ಮನೆಗಳ ನಂಬಿಕೆ. ದಿಮೋನಾದ ಒಬ್ಬ ಅಜ್ಜಿ ಅದನ್ನು ಟಿವಿಯಲ್ಲಿ ಕೇಳಿದಾಗ ಅವಳಿಗೆ ಏನನ್ನಿಸಿರಬೇಕು? ಯಾವ ಪ್ರಣಾಳಿಕೆ ತೋರಿಸಿ ಅವಳ ಮತ ಕೇಳುತ್ತೀರಿ?

ಎಡಕ್ಕೆ ಇದನ್ನು ಸರಿಪಡಿಸುವ ಅವಕಾಶ ಒಮ್ಮೆ ಸಿಕ್ಕಿತ್ತು. 2005ರಲ್ಲಿ ಲೇಬರ್ ನಾಯಕರಾಗಿ ಬಂದವರು ಇದೇ ಆಮಿರ್ ಪೆರೆಟ್ಜ್. ಮೊರಾಕ್ಕೊದಲ್ಲಿ ಹುಟ್ಟಿ, ಸ್ದೆರೋತ್‌ನಲ್ಲಿ ಬೆಳೆದ ಕಾರ್ಮಿಕ ನಾಯಕ. ಕನಿಷ್ಠ ಕೂಲಿ ಏರಿಸುತ್ತೇನೆ ಅಂತ ಪ್ರಚಾರ ಮಾಡಿ 2006ರಲ್ಲಿ 19 ಸೀಟು ಗೆದ್ದರು. ಆದರೆ ಗೆದ್ದ ಮೇಲೆ ತೆಗೆದುಕೊಂಡದ್ದು ರಕ್ಷಣಾ ಖಾತೆ. ಕೆಲವೇ ತಿಂಗಳಲ್ಲಿ ಲೆಬನಾನ್ ಯುದ್ಧ ಬಂತು, ಅವರ ಹೆಸರು ಅದರಲ್ಲಿ ಮುಳುಗಿತು. ಕೂಲಿಯ ರಾಜಕೀಯ ಅಲ್ಲಿಗೆ ನಿಂತಿತು. ಈ ಒಂದು ನಿರ್ಧಾರ ಲೇಬರ್‌ಗೆ ಮಾಡಿದ ಹಾನಿ ಹತ್ತು ಸೋಲುಗಳಿಗೆ ಸಮ ಅಂತ ನನಗನ್ನಿಸುತ್ತದೆ.

ಇನ್ನೊಂದು ಬಾಗಿಲು ಅರಬ್ ನಾಗರಿಕರದು. ಇಸ್ರೇಲಿನ ಜನಸಂಖ್ಯೆಯಲ್ಲಿ ಅವರು ಐದರಲ್ಲಿ ಒಂದು ಪಾಲು. ಅವರು ಎಷ್ಟು ಜನ ಮತ ಹಾಕುತ್ತಾರೆ ಅನ್ನುವುದರ ಮೇಲೆ ಸರ್ಕಾರಗಳ ಹಣೆಬರಹ ನಿಂತಿದೆ. ಇದು ಎಡಕ್ಕಿಂತ ಚೆನ್ನಾಗಿ ಲಿಕುಡ್‌ಗೆ ಗೊತ್ತು. 2019ರ ಏಪ್ರಿಲ್‌ನಲ್ಲಿ ಲಿಕುಡ್ ತನ್ನ ಏಜೆಂಟರ ಕೈಯಲ್ಲಿ ಸುಮಾರು 1,200 ಗುಪ್ತ ಕ್ಯಾಮೆರಾ ಕೊಟ್ಟು ಅರಬ್ ಊರುಗಳ ಮತಗಟ್ಟೆಗಳಿಗೆ ಕಳಿಸಿತು. ಅಕ್ರಮ ತಡೆಯಲು ಅಂದರು. ಆ ಸಲ ಅರಬ್ ಮತದಾನ ಅರ್ಧಕ್ಕಿಂತ ಕೆಳಗಿಳಿಯಿತು. 2020ರ ಮಾರ್ಚ್‌ನಲ್ಲಿ ಅರಬ್ ಪಕ್ಷಗಳು ಜಾಯಿಂಟ್ ಲಿಸ್ಟ್ ಅನ್ನುವ ಒಂದೇ ಪಟ್ಟಿಯಲ್ಲಿ ಒಗ್ಗಟ್ಟಾಗಿ ನಿಂತಾಗ ಸುಮಾರು ಶೇ 65ಕ್ಕೆ ಏರಿತು, 15 ಸೀಟು ಬಂತು. ಆಗ ಲೆಕ್ಕ ಹೀಗಿತ್ತು: ಬ್ಲೂ ಅಂಡ್ ವೈಟ್ 33, ಜಾಯಿಂಟ್ ಲಿಸ್ಟ್ 15, ಲೀಬರ್ಮನ್ 7, ಲೇಬರ್ ಕೂಟ 7. ಒಟ್ಟು 62. ನೆತನ್ಯಾಹು ಇಲ್ಲದ ಸರ್ಕಾರಕ್ಕೆ ಸಾಕಿತ್ತು.

ಆಗಲಿಲ್ಲ. ಗಾಂಟ್ಜ್ ಪಕ್ಷದ ಇಬ್ಬರು, ಲೇಬರ್ ಕೂಟದಿಂದ ಗೆದ್ದ ಒರ್ಲಿ ಲೆವಿ, ಅರಬ್ ಪಕ್ಷದ ಬೆಂಬಲದಲ್ಲಿ ನಿಲ್ಲುವ ಸರ್ಕಾರ ಬೇಡ ಅಂದರು. ಪ್ರಚಾರದ ಉದ್ದಕ್ಕೂ ಲಿಕುಡ್ ಹೇಳಿದ್ದು ಬೀಬಿ ಇಲ್ಲವೇ ತೀಬಿ ಅಂತ, ಅರಬ್ ಸಂಸದ ಅಹ್ಮದ್ ತೀಬಿ ಹೆಸರನ್ನು ಗುಮ್ಮನ ಹಾಗೆ ತೋರಿಸಿ. ಇದಕ್ಕೆ ಗಾಂಟ್ಜ್ ಕೊಡಬೇಕಿದ್ದ ಉತ್ತರ, ತೀಬಿ ಕೂಡ ಈ ದೇಶದ ಪ್ರಜೆ, ಅವರ ಮತಕ್ಕೂ ಅಷ್ಟೇ ಬೆಲೆ ಅಂತ. ಅವರು ಕೊಟ್ಟದ್ದು, ನಾನು ಅವರ ಜೊತೆ ಕೂರುವುದಿಲ್ಲ ಅನ್ನುವ ಉತ್ತರ. ಎದುರಾಳಿ ಹಾಕಿದ ಗೆರೆಯೊಳಗೇ ನಿಂತು ಆಡಿದರು. ಒಂದು ವರ್ಷದ ನಂತರ ಬೆನೆಟ್-ಲಪಿಡ್ ಸರ್ಕಾರಕ್ಕೆ ಮನ್ಸೂರ್ ಅಬ್ಬಾಸ್ ಅವರ ಇಸ್ಲಾಮಿಕ್ ಪಕ್ಷ ಸೇರಿತು, ಆಕಾಶ ಕಳಚಿ ಬೀಳಲಿಲ್ಲ. ಅದನ್ನು ಸೇರಿಸಿಕೊಂಡದ್ದು ಬಲಪಂಥೀಯನಾದ ಬೆನೆಟ್ ಅನ್ನುವುದನ್ನು ನೆನಪಿಡಿ. ಎಡಕ್ಕೆ ಇಲ್ಲದ ಧೈರ್ಯ ಅದು.

ಹಾಗಾದರೆ ಎಡ ಗೆದ್ದದ್ದೇ ಇಲ್ಲವಾ? 1992ರಲ್ಲಿ ಗೆದ್ದಿತು, ಮತ್ತು ಅದು 2022ರ ತದ್ವಿರುದ್ಧ ಚಿತ್ರ. ಆ ವರ್ಷ ಮೂರು ಪಕ್ಷಗಳು ಸೇರಿ ಮೆರೆಟ್ಜ್ ಆದವು, 12 ಸೀಟು ಗೆದ್ದವು. ಬಲಪಂಥದ ಕಡೆ ತೆಹಿಯಾ ಪಕ್ಷ ಹೊಸದಾಗಿ ಏರಿಸಿದ ಹೊಸ್ತಿಲು ದಾಟದೆ ಅದರ ಮತಗಳೆಲ್ಲ ಪೋಲಾದವು. ಯಿತ್ಜಾಕ್ ರಾಬಿನ್ ಅವರ ಲೇಬರ್‌ಗೆ 44. ಎರಡು ಅರಬ್ ಮತದಾರರ ಪಕ್ಷಗಳ ಐದು ಸೀಟು ಸೇರಿ 61, ಅಂದರೆ ಲಿಕುಡ್ ಸರ್ಕಾರ ಮಾಡಲು ಸಾಧ್ಯವೇ ಇಲ್ಲದಂತೆ ತಡೆ. ಆದರೆ ನಾನು ಇದಕ್ಕಿಂತ ಮುಖ್ಯ ಅಂತ ನೋಡುವುದು ರಾಬಿನ್ ಹೇಳಿದ್ದನ್ನು. ವಸಾಹತುಗಳಿಗೆ ಸುರಿಯುವ ಹಣವನ್ನು ದೇಶದೊಳಗಿನ ಶಾಲೆಗೆ, ರಸ್ತೆಗೆ, ಉದ್ಯೋಗಕ್ಕೆ ತಿರುಗಿಸುತ್ತೇನೆ ಅಂದರು. ಸೋವಿಯತ್ ಒಕ್ಕೂಟದಿಂದ ಆಗಷ್ಟೇ ಲಕ್ಷಗಟ್ಟಲೆ ಜನ ಬಂದಿಳಿದು ಕೆಲಸವಿಲ್ಲದೆ ಕೂತಿದ್ದರು. ಅವರಿಗೆ ಈ ಮಾತು ನೇರವಾಗಿ ತಾಕಿತು. ಶಾಂತಿ ಮಾತುಕತೆ ಮತ್ತು ಅನ್ನದ ಪ್ರಶ್ನೆ ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿಕೊಟ್ಟ ಪ್ರಚಾರ ಅದು. ಆಮೇಲೆ ಯಾರೂ ಅಷ್ಟು ಸ್ಪಷ್ಟವಾಗಿ ಹಾಗೆ ಮಾತಾಡಲಿಲ್ಲ. ರಾಬಿನ್ ಸೈನ್ಯದ ಮಾಜಿ ಮುಖ್ಯಸ್ಥರಾಗಿದ್ದರು, ಭದ್ರತೆ ವಿಷಯದಲ್ಲಿ ಜನಕ್ಕೆ ಅವರ ಮೇಲೆ ನಂಬಿಕೆ ಇತ್ತು, ಅದೂ ನಿಜ. ಬರೀ ಮಾತಿನಿಂದ 44 ಸೀಟು ಬರುವುದಿಲ್ಲ.

ಈಗಿನ ಸ್ಥಿತಿಗೆ ಬರೋಣ. 2024ರಲ್ಲಿ ಲೇಬರ್ ಮತ್ತು ಮೆರೆಟ್ಜ್ ಕೊನೆಗೂ ಒಂದಾಗಿ ಡೆಮಾಕ್ರಾಟ್ಸ್ ಪಕ್ಷ ಆಯಿತು. ನಾಯಕ ಯಾಯಿರ್ ಗೋಲಾನ್, ಸೇನೆಯ ಮಾಜಿ ಉಪಮುಖ್ಯಸ್ಥ. ಅಕ್ಟೋಬರ್ 7ರಂದು ಸಮವಸ್ತ್ರ ಹಾಕಿಕೊಂಡು, ತಾವೇ ಕಾರು ಓಡಿಸಿಕೊಂಡು ದಕ್ಷಿಣಕ್ಕೆ ಹೋಗಿ, ನೋವಾ ಸಂಗೀತೋತ್ಸವದಿಂದ ತಪ್ಪಿಸಿಕೊಂಡು ಅಡಗಿದ್ದ ಯುವಕರನ್ನು ಹೊರತಂದವರು. 2025ರ ಮೇನಲ್ಲಿ ಅವರು, ವಿವೇಕ ಇರುವ ದೇಶ ನಾಗರಿಕರ ಮೇಲೆ ಯುದ್ಧ ಮಾಡುವುದಿಲ್ಲ, ಹವ್ಯಾಸಕ್ಕೆ ಶಿಶುಗಳನ್ನು ಕೊಲ್ಲುವುದಿಲ್ಲ ಅಂದರು. ದೇಶದಲ್ಲಿ ದೊಡ್ಡ ಗದ್ದಲ. ಲಪಿಡ್, ಗಾಂಟ್ಜ್ ಕೂಡ ಖಂಡಿಸಿದರು. ಮಾತಿನ ರೀತಿ ಸರಿಯಿತ್ತಾ ಅಂತ ವಾದ ಮಾಡಬಹುದು. ಆದರೆ ಗಾಜಾದಲ್ಲಿ ಅಷ್ಟು ಸಾವುಗಳಾಗುತ್ತಿರುವಾಗ ಎಡಪಕ್ಷದ ನಾಯಕ ಅದರ ಬಗ್ಗೆ ಬಾಯಿಬಿಡದೆ ಹೋದರೆ ಆ ಪಕ್ಷ ಇರುವುದಾದರೂ ಯಾಕೆ?

ಕಾನೂನಿನ ಪ್ರಕಾರ ಮುಂದಿನ ಚುನಾವಣೆ 2026ರ ಅಕ್ಟೋಬರ್ 27ರೊಳಗೆ ಆಗಬೇಕು. ನಮ್ಮ ಕರಾವಳಿಯಿಂದ ಹೋಗಿ ಅಲ್ಲಿ ವೃದ್ಧರ ಆರೈಕೆ ಮಾಡುತ್ತಿರುವ ನೂರಾರು ಕುಟುಂಬಗಳವರಿಗೆ ಮತ ಇಲ್ಲ, ಆದರೆ ಯುದ್ಧದ ಸೈರನ್ ಅವರ ತಲೆಯ ಮೇಲೂ ಮೊಳಗುತ್ತದೆ. ವಿರೋಧ ಪಾಳಯದಲ್ಲಿ ಮತ್ತೆ ಹಳೆಯ ಆಟವೇ ಶುರುವಾಗಿದೆ. ಬೆನೆಟ್ ಹೊಸ ಪಕ್ಷ ಕಟ್ಟಿದ್ದಾರೆ, ಮಾಜಿ ಸೇನಾ ಮುಖ್ಯಸ್ಥ ಐಸೆನ್‌ಕೋಟ್ ಕೂಡ. ಎಡ ಮತದಾರನಿಗೆ ಮತ್ತೆ ಹೇಳುತ್ತಾರೆ, ಬೆನೆಟ್‌ಗೆ ಹಾಕು, ಅವನೊಬ್ಬನೇ ಗೆಲ್ಲಬಲ್ಲ ಅಂತ. ಬೆನೆಟ್ ಪ್ಯಾಲೆಸ್ತೀನ್ ರಾಷ್ಟ್ರವನ್ನು ಬಲವಾಗಿ ವಿರೋಧಿಸುವವರು. ಈ ಬಾರಿ ಅರಬ್ ಪಕ್ಷಗಳನ್ನು ನೆಚ್ಚಿಕೊಂಡ ಸರ್ಕಾರ ಬೇಡ ಅಂತಲೂ ಅವರು ಮತ್ತು ಲೀಬರ್ಮನ್ ಹೇಳಿದ್ದಾರೆ. ಆದರೆ ಅರಬ್ ಪಕ್ಷಗಳನ್ನು ಬಿಟ್ಟರೆ ವಿರೋಧ ಪಾಳಯ 61 ಮುಟ್ಟುವುದು ಕಷ್ಟ ಅಂತ ಬಹುಪಾಲು ಸಮೀಕ್ಷೆಗಳು ತೋರಿಸಿವೆ.

ಅಲ್ಲಿನ ಎಡ ಮತದಾರನ ಜಾಗದಲ್ಲಿ ನಿಂತರೆ ನಾನು ಗೋಲಾನ್ ಅವರಿಂದ ಮತದಾನಕ್ಕೆ ಮುಂಚೆಯೇ ಎರಡು ಮಾತು ಬರೆಸಿಕೊಳ್ಳುತ್ತೇನೆ. ಅರಬ್ ಪಕ್ಷಗಳ ಜೊತೆ ಸರ್ಕಾರ ಮಾಡಲು ನಾವು ತಯಾರಿದ್ದೇವೆ ಅನ್ನುವುದು ಒಂದು. ಅದನ್ನು ಹೀಬ್ರೂವಿನಲ್ಲೂ ಅರೇಬಿಕ್‌ನಲ್ಲೂ ಬಹಿರಂಗವಾಗಿ ಹೇಳಬೇಕು, ಫಲಿತಾಂಶ ಬಂದಮೇಲೆ ಹಿಂಬಾಗಿಲಲ್ಲಿ ಅಲ್ಲ. ಅರಬ್ ಊರುಗಳಲ್ಲಿ ಈಚಿನ ವರ್ಷಗಳಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ಜನ ಗುಂಡೇಟು, ಗ್ಯಾಂಗ್ ಜಗಳಗಳಲ್ಲಿ ಸಾಯುತ್ತಿದ್ದಾರೆ, ಪೊಲೀಸ್ ಖಾತೆ ಬೆನ್‌ಗ್ವಿರ್ ಕೈಯಲ್ಲಿದೆ. ಅಲ್ಲಿನ ಮತದಾರ ಮನೆಯಿಂದ ಹೊರಬರಬೇಕಾದರೆ ಆ ಖಾತೆಯನ್ನು ಯಾರು ವಹಿಸಿಕೊಳ್ಳುತ್ತಾರೆ ಅನ್ನುವುದಕ್ಕೆ ಉತ್ತರ ಬೇಕು. ಇನ್ನೊಂದು, ದಿಮೋನಾ, ಸ್ದೆರೋತ್, ಕಿರ್ಯತ್ ಶ್ಮೋನಾಗಳಿಗೆ ಚುನಾವಣೆಗೆ ಮುಂಚಿನ ಮೂರು ವಾರ ಹೋಗಿ ಬರುವುದಲ್ಲ, ಪಟ್ಟಿಯ ಮೊದಲ ಐದರಲ್ಲಿ ಆ ಊರುಗಳ ಜನರನ್ನು ಕೂರಿಸಬೇಕು. ಪೋಸ್ಟರಿನಲ್ಲಿ ನೆತನ್ಯಾಹು ಮುಖ ಹಾಕುವ ಬದಲು ಅಲ್ಲಿನ ಆಸ್ಪತ್ರೆಗೆ, ಶಾಲೆಗೆ ಎಷ್ಟು ಹಣ, ಎಲ್ಲಿಂದ ಅಂತ ಬರೆಯಲಿ. ಅಷ್ಟು ಮಾಡಿಯೂ ಈ ಸಲ ಹತ್ತೇ ಸೀಟು ಬಂದರೆ ಬರಲಿ, ಆ ಹತ್ತು ಸೀಟು ಯಾವುದಕ್ಕೆ ಬಿದ್ದ ಮತ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಬೆನೆಟ್ ಸರ್ಕಾರ ಮಾಡಲು ಆ ಹತ್ತು ಜನರ ಬಾಗಿಲಿಗೆ ಬಂದಾಗ ಮಾತುಕತೆಗೆ ಕೂರಲು ಕೈಯಲ್ಲಿ ಏನಾದರೂ ಇರುತ್ತದೆ.